ಹುಲುಗಣ್ಣನ ಬೆರಳು

ಕೊಟ್ಟೂರಿನ ಉಜ್ಜಿನಿ ರಸ್ತೆಯಲ್ಲಿ ಹುಲುಗಣ್ಣನ ಗ್ಯಾರೇಜಿದೆ. ಗ್ಯಾರೇಜು ಅಂದರೆ ನಾಲ್ಕು ಕಂಬ, ಮೇಲೆ ತಗಡು, ಅಷ್ಟೇ. ಹಳೇ ಕಾರಿನ ಕರೆಂಟಿನ ಕೆಲಸವೆಂದರೆ ಹಡಗಲಿ, ಹರಪನಹಳ್ಳಿಯವರೂ ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಬಂದವರನ್ನು ಮೊದಲು ಬೈಯುತ್ತಾನೆ, ಆಮೇಲೆ ಬಾನೆಟ್ ಎತ್ತುತ್ತಾನೆ. ನನ್ನ ಜೊತೆ ಶಾಲೆ ಕಲಿತವನು, ಆಗಲೂ ಹೀಗೇ ಇದ್ದ.

ಅವನ ಹತ್ತಿರ ಮೀಟರ್ ಇಲ್ಲ. ಗಾಡಿ ಚಾಲೂ ಆಗದಿದ್ದರೆ, ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲ್‌ನಿಂದ ಬರುವ ದಪ್ಪ ವೈರನ್ನು ಕಿತ್ತು, ಅದರ ತುದಿಗೆ ತೋರುಬೆರಳು ಒಡ್ಡಿ, "ಸೆಲ್ಫ್ ಹೊಡಿ" ಅನ್ನುತ್ತಾನೆ. ಕರೆಂಟ್ ಇದ್ದರೆ ಬೆರಳು ಜುಮ್ಮೆಂದು ಬಾಯಿಂದ ಒಂದು ಬೈಗುಳ ಬರುತ್ತದೆ. ಬೈಗುಳ ದೊಡ್ಡದಾದಷ್ಟೂ ಕಾಯಿಲ್ ಗಟ್ಟಿ ಅಂತ ಗಿರಾಕಿಗಳ ಲೆಕ್ಕ. ನಾನೊಮ್ಮೆ ಮೀಟರ್ ತಂದುಕೊಟ್ಟರೆ ವಾಪಸ್ ನನ್ನ ಕೈಗೇ ತುರುಕಿದ.

"ಮೀಟರ್ ಸುಳ್ಳು ಹೇಳತೈತಿ ಲೇ ಸೋಮಾ. ಬೆರಳು ಹೇಳಂಗಿಲ್ಲ."

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ರಸ್ತೆ ದಾಟಿ ಚಹಾದಂಗಡಿಗೆ ಬಂದ. ಒಂದೇ ಕಾಲಲ್ಲಿ ಚಪ್ಪಲಿ. ಇನ್ನೊಂದು ರಸ್ತೆಯ ನಡುವೆ ಬಿದ್ದಿತ್ತು. ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದಿದ್ದು ಪುಣ್ಯಾತ್ಮನಿಗೆ ಗೊತ್ತೇ ಇಲ್ಲ. "ಯಾರ ಧ್ಯಾನದಾಗ ಇದ್ದೀಲೇ?" ಅಂತ ಕಿಚಾಯಿಸಿದೆ. ಅವನೂ ನಕ್ಕ. ಬುತ್ತಿ ತಂದಿದ್ದ ಅವನ ಹೆಂಡತಿ ತಿಪ್ಪೇರುದ್ರಮ್ಮ ಮಾತ್ರ ನಗಲಿಲ್ಲ. ಅವನು ಅತ್ತ ಹೋದ ಮೇಲೆ ನನ್ನ ಹತ್ತಿರ ಬಂದಳು.

"ಅಣ್ಣಾರ, ಮೊನ್ನಿ ಮಲಗಿದಾಗ ಇವರ ಕಾಲಿನ ಹೆಬ್ಬೆರಳು ಇಲಿ ಕಡದೈತ್ರಿ. ಹಾಸಿಗಿ ತುಂಬ ರಕ್ತ, ಇವರಿಗೆ ಎಚ್ಚರಾನ ಇಲ್ಲ. ಸಕ್ಕರಿ ಕಾಯಿಲಿ ಐತಿ. ಮಾತ್ರಿ ತಗೊಳ್ರಿ ಅಂದ್ರ ಮೈಮ್ಯಾಲೆ ಬರ್ತಾರ. ನೀವರ ಒಂದ್ ಮಾತು ಹೇಳ್ರಿ."

ಹೇಳಿದೆ. ನನಗೂ ಬೈದ.

ಹೋದ ವಾರ ನನ್ನ ಅಪ್ಪನ ಕಾಲದ ಅಂಬಾಸಿಡರ್ ನಿಂತುಬಿಟ್ಟಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಹುಲುಗಣ್ಣನ ಹತ್ತಿರ ತಂದೆ. ಅವನು ವೈರು ಕಿತ್ತ, ನಾನು ಸೀಟಿನಲ್ಲಿ ಕೂತು ಸೆಲ್ಫ್ ಹೊಡೆದೆ.

"ಕರೆಂಟಿಲ್ಲ," ಅಂದ.

ಪಾಯಿಂಟ್ ಉಜ್ಜಿದ. ಇಲ್ಲ. ಕಂಡೆನ್ಸರ್ ಬದಲಿಸಿದ. ಇಲ್ಲ. ಹೊಸ ಕಾಯಿಲ್ ಹಾಕಿದ. ಎತ್ತಿದ ಬಾನೆಟ್ಟಿನ ಆಚೆಯಿಂದ ಮತ್ತೆ ಅದೇ "ಇಲ್ಲ." ಪ್ರತಿ ಸಲವೂ ದನಿ ಸಣ್ಣದಾಗುತ್ತಿತ್ತು. ಮುಂಜಾನೆಯಿಂದ ಅವನು ಒಂದೇ ಒಂದು ಬೈಗುಳ ಬೈದಿರಲಿಲ್ಲ ಅನ್ನುವುದು ಆಗ ನನ್ನ ಗಮನಕ್ಕೆ ಬಂತು. ಅಷ್ಟೊತ್ತಿಗೆ ಬುತ್ತಿ ತಂದಿದ್ದ ತಿಪ್ಪೇರುದ್ರಮ್ಮನನ್ನು ಸೀಟಿನಲ್ಲಿ ಕೂರಿಸಿ, ಚಾವಿ ತಿರುಗಿಸಲು ಹೇಳಿ ನಾನು ಕೆಳಗಿಳಿದು ಮುಂದೆ ಹೋದೆ.

ಬಾನೆಟ್ಟಿನ ನೆರಳಿನಲ್ಲಿ ಹುಲುಗಣ್ಣ ಬಗ್ಗಿದ್ದ. ಸೆಲ್ಫ್ ತಿರುಗಿತು. ವೈರಿನ ತುದಿಯಿಂದ ನೀಲಿ ಕಿಡಿ ಚಟ್ ಚಟ್ ಅಂತ ಅವನ ಬೆರಳಿಗೆ ಹಾರುತ್ತಿತ್ತು. ಪ್ರತಿ ಕಿಡಿಗೂ ಬೆರಳು ತಾನಾಗಿಯೇ ಅದುರುತ್ತಿತ್ತು. ತುದಿಯಲ್ಲಿ ಕಪ್ಪು ಚುಕ್ಕೆಗಳು, ಚರ್ಮ ಸುಟ್ಟ ವಾಸನೆ. ಅವನು ಕಣ್ಣು ಮುಚ್ಚಿಕೊಂಡು, ಜುಮ್ಮೆನ್ನುವುದನ್ನೇ ಕಾಯುತ್ತಿದ್ದ.

"ನೋಡು, ಇಲ್ಲ," ಅಂದ.

ನನಗೆ ಹೆದರಿಕೆಯಾಯಿತು. ಪೆಟ್ರೋಲ್ ಪೈಪಿನಲ್ಲಿ ಕಸ ಕಟ್ಟಿತ್ತು, ಕರೆಂಟಿಗೆ ಏನೂ ಆಗಿರಲಿಲ್ಲ ಅಂತ ಆಮೇಲೆ ತಿಳಿಯಿತು. ಅವನು ಕಣ್ಣು ತೆರೆದು ನನ್ನ ಮುಖ ನೋಡಿದ, ಆಮೇಲೆ ನಾನು ನೋಡುತ್ತಿದ್ದ ಕಡೆ ನೋಡಿದ.

"ಇನ್ನೊಮ್ಮಿ ಹೊಡಿ," ಅಂತ ಹೆಂಡತಿಗೆ ಕೂಗಿದ. ಈ ಸಲ ಎಡಗೈಯ ಬೆರಳು ಒಡ್ಡಿದ. ಕಿಡಿ ಅದಕ್ಕೂ ಹಾರಿತು. ಬೈಗುಳ ಬರಲಿಲ್ಲ.

"ಕರೆಂಟ್ ಐತೇನ್ರಿ?" ಒಳಗಿನಿಂದ ತಿಪ್ಪೇರುದ್ರಮ್ಮ ಕೇಳಿದಳು.

"ಐತಿ," ಅಂದ ಹುಲುಗಣ್ಣ. ಆಮೇಲೆ ಎರಡೂ ಕೈಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಕಡೆ ಬಗ್ಗಿದ.

"ಸೋಮಾ, ಅಕಿಗೆ ಹೇಳಬ್ಯಾಡಲೇ."