ಮೊದಲ ಬೆಳಕಿಗಾಗಿ ಒಬ್ಬನನ್ನು ಎಬ್ಬಿಸಿದ್ದು

ಮೇಜಿನ ಮೇಲಿದ್ದ ಚಹಾದ ಕಪ್ಪು ತಾನಾಗಿ ನನ್ನ ಕಡೆ ನಡೆದು ಬಂತು. ಕಿಟಕಿ, ಪಾತ್ರೆ, ನನ್ನ ಹಲ್ಲು ಎಲ್ಲವೂ ಒಟ್ಟಿಗೆ ನಡುಗಿದವು. ನಾನು ಬಾಗಿಲಿಗೆ ಓಡಿ ಅಪ್ಪಟ ಕನ್ನಡದಲ್ಲಿ ಕೂಗಿಕೊಂಡೆ. ಮನೆಯೊಡತಿ ಮಾರ್ತಾ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನೂ ನಿಲ್ಲಿಸದೆ, "ತೆಂಬ್ಲೋರ್" ಎಂದರು. ಹಾಗೆಂದರೆ ಸಣ್ಣ ಭೂಕಂಪ, ಲೆಕ್ಕಕ್ಕಿಲ್ಲದ್ದು.

ಚಿಲಿ ದೇಶದಲ್ಲಿ ಅದು ನನ್ನ ಮೊದಲ ಬೆಳಗು. ಬ್ರಹ್ಮಗಿರಿಯ ಬಂಡೆಗಳು ಅಶೋಕನ ಕಾಲದಿಂದ ಕೂತಲ್ಲೇ ಕೂತಿರುವ ಸೀಮೆಯವನು ನಾನು. ನೆಲ ಅಲುಗುವುದೆಂದರೆ ನಮಗೆ ಮಾತಿಗೆ ತಪ್ಪಿದಂತೆ.

ಮನೆಯಲ್ಲಿ ಕನ್ನಡ, ಮೊಳಕಾಲ್ಮೂರಿನ ಓಣಿಯಲ್ಲಿ ತೆಲುಗು, ಚಳ್ಳಕೆರೆಯ ಸಂತೆಯಲ್ಲಿ ಉರ್ದು ಆಡಿದವನಿಗೆ ಸ್ಪ್ಯಾನಿಷ್ ಯಾವ ಲೆಕ್ಕ ಎಂದು ಜಂಬ ಕೊಚ್ಚಿದ್ದೆ. ಆರು ತಿಂಗಳಾದರೂ ಉಪ್ಪು ಕೇಳಲು ಕೈಸನ್ನೆಯೇ ಗತಿ. ಇಲ್ಲಿ ರಾತ್ರಿ ಊಟದ ಬದಲು 'ಓನ್ಸೆ' ಎಂದು ಚಹಾ, ಬ್ರೆಡ್ಡು ಮುಗಿಸಿ ಮಲಗುತ್ತಾರೆ. ಮುದ್ದೆಯ ಹೊಟ್ಟೆ ಬೆಳಗಿನವರೆಗೂ ತಕರಾರು ಮಾಡುತ್ತದೆ. ಬೆಟ್ಟಗಳು ಮಾತ್ರ ನಮ್ಮ ಸೀಮೆಯ ನನ್ನಿವಾಳದ ದಾರಿಯವೇ: ಒಣ ನೆಲ, ಮುಳ್ಳು, ಮೇಕೆ.

ಚಳ್ಳಕೆರೆಯ ಕಾಲೇಜಿನಲ್ಲಿ ಪಾಠ ಮಾಡಿಕೊಂಡಿದ್ದು, ತಲೆ ನರೆಯುವ ಹೊತ್ತಿಗೆ ಸಂಶೋಧನೆಗಿಳಿದು ಇಲ್ಲಿನ ವೀಕ್ಷಣಾಲಯಕ್ಕೆ ಬಂದವನು ನಾನು. ಕೆಲಸ ಇಷ್ಟೇ: ಸಿಡಿದ ನಕ್ಷತ್ರದ ಮೊದಲ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಓದುವುದು. ಸಾಯುವ ಮುನ್ನ ಆ ನಕ್ಷತ್ರ ತನ್ನ ಸುತ್ತ ಏನೇನು ಉಗುಳಿತ್ತು ಎಂಬ ಗುರುತು ಆ ಬೆಳಕಿನಲ್ಲಿರುತ್ತದೆ. ಎರಡು ದಿನ ತಡವಾದರೆ ಸಿಡಿತವೇ ಅದನ್ನು ನುಂಗಿಬಿಡುತ್ತದೆ. ನಾನು ಆಗಲೇ ಎರಡು ಸಲ ತಡವಾಗಿದ್ದೆ. ಮೂರನೆಯದೂ ತಪ್ಪಿದರೆ ಗಂಟುಮೂಟೆ ಕಟ್ಟು ಎಂದು ಮೇಲಿನವರು ಬಹಳ ಮರ್ಯಾದೆಯಿಂದ ಹೇಳಿದ್ದರು.

ಮೂರನೆಯದು ಕಂಡ ಸಂಜೆ ದೂರದರ್ಶಕದ ಮುಂದೆ ಬೇರೆ ಗುಂಪಿನ ಹುಡುಗ ರೊಡ್ರಿಗೊ ಕೂತಿದ್ದ. ಅವನು ನೋಡುತ್ತಿದ್ದ ಗೆಲಾಕ್ಸಿ ಪಡುವಣಕ್ಕಿಳಿದಿತ್ತು. ಈ ವರ್ಷ ಅದು ಕಾಣುವ ಕೊನೆಯ ಸಂಜೆ ಅದೇ. ಹೊಸ ಸಿಡಿತ ಕಂಡರೆ ಕೂತವರನ್ನು ಎಬ್ಬಿಸಿ ಕೂರುವ ಹಕ್ಕು ಇಲ್ಲಿ ನಮ್ಮ ಗುಂಪಿಗುಂಟು. ಸೀರೆ ನೇಯುವ ನಮ್ಮನೆಯಲ್ಲಾದರೋ ಮಗ್ಗದ ಗುಂಡಿಯಲ್ಲಿ ಕೂತವರನ್ನು ಯಾರೂ ಎಬ್ಬಿಸುವಂತಿರಲಿಲ್ಲ. ಸಾವಿನ ಸುದ್ದಿ ತಂದವರೂ ನೇಯಲು ಹಿಡಿದ ಹೂವಿನ ಬುಟ್ಟಾ ಮುಗಿಯಲೆಂದು ಬಾಗಿಲಲ್ಲೇ ನಿಲ್ಲುತ್ತಿದ್ದರು.

ನಾನೂ ನಿಂತೆ. ಕಾಫಿ ತಂದುಕೊಟ್ಟೆ. ಗಾಳಿಯ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿದೆ. ಅವನ ತಾಯಿಯ ಮಂಡಿನೋವು ವಿಚಾರಿಸಿದೆ. ನನ್ನ ಸಿಡಿದ ನಕ್ಷತ್ರವೂ ಪಡುವಣಕ್ಕೆ ಇಳಿಯುತ್ತಲೇ ಇತ್ತು.

ಕೊನೆಗೆ ಅವನೇ ತಿರುಗಿ ಕೇಳಿದ: "ಡಾಕ್ಟರ್, ಏನೋ ಹೇಳೋಕೆ ಬಂದಿದ್ದೀರಿ. ಹೇಳಿಬಿಡಿ."

"ಹೊಸದೊಂದು ಸಿಕ್ಕಿದೆ."

"ಎಷ್ಟು ಹೊತ್ತು ಬೇಕು?"

"ಮುಳುಗುವವರೆಗೂ."

ಅವನು ಪರದೆಯನ್ನೊಮ್ಮೆ ನೋಡಿ ಎದ್ದ. "ನಿಯಮ ಅಂದರೆ ನಿಯಮ. ನಾನಾಗಿದ್ದರೆ ಕಾಫಿಯನ್ನೂ ತರುತ್ತಿರಲಿಲ್ಲ" ಎಂದು ನಕ್ಕ. ಕುರ್ಚಿ ಇನ್ನೂ ಬೆಚ್ಚಗಿತ್ತು. ಬಿಡಿಸಿದ ಬೆಳಕಿನಲ್ಲಿ ಬೇಕಾದ ಗೆರೆಗಳು ಚೂಪಾಗಿ, ಸ್ಪಷ್ಟವಾಗಿ ಸಿಕ್ಕವು.

ಕೆಲಸ ಉಳಿಯಿತು. ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಒಳ್ಳೇದಾತು ಬಿಡಪ್ಪ. ಆ ಹುಡುಗನ ಕೆಲ್ಸ?"

"ಅವ್ನು ಮುಂದಿನ ವರ್ಷಕ್ಕೆ ಕಾಯ್ಬೇಕವ್ವ."

"ಅಂದ್ರೆ ಮಗ್ಗದಾಗೆ ಕುಂತೋನ್ನ ಎಬ್ಬಿಸ್ದಂಗಾತಲ್ಲೋ!"

"ಇಲ್ಲಿ ಅದು ತಪ್ಪಲ್ಲವ್ವ. ಅವ್ನೇ ನಗ್ತಾ ಎದ್ದ."

"ಅಲ್ಲಿ ಸರಿ ಐತೆ ಅಂದ್ರೆ ಅಲ್ಲಿಗೆ ಸರಿ. ಇಲ್ಲಿ ಯಾರ ಮುಂದೂ ಹೇಳ್ಕಬ್ಯಾಡ" ಎಂದಳು ಅವ್ವ.

ಆದರೂ ಊರವರಾದ ನಿಮ್ಮ ಮುಂದೆಯೇ ಹೇಳುತ್ತಿದ್ದೇನೆ. ಈ ಚಿಲಿಯಲ್ಲಿ ಎಲ್ಲರೂ ಬೆನ್ನು ತಟ್ಟಿ, ಇದರಲ್ಲೇನಿದೆ ಎನ್ನುತ್ತಾರೆ. ನನ್ನನ್ನು ಬೈಯಬಲ್ಲವರು ಊರಲ್ಲಷ್ಟೇ ಇದ್ದಾರೆ.