ಮಗಳ ಬದಲು ಬಂದವರು

ಹೊರಟ ದಿನ ಆಂಟಿ ಕೆಂಪು ಜಾಕೆಟ್ಟಿನ ತೋಳನ್ನು ಎರಡು ಸಲ ಮಡಚಿದ್ದರೂ ಅವರ ಬೆರಳ ತುದಿಯಷ್ಟೇ ಹೊರಗೆ ಕಾಣುತ್ತಿತ್ತು. ಕೆಳಗೆ ಕಾಟನ್ ಸೀರೆ, ಕ್ಯಾನ್ವಾಸ್ ಶೂ. ಹಣೆಯ ಮೇಲೆ ವಿಭೂತಿ. ಜಾಕೆಟ್ಟು ಅವರ ಮಗಳದು; ಮಗಳು ಅಮ್ಮನಿಗಿಂತ ಗೇಣು ಎತ್ತರವಿದ್ದಳು.

ಆ ಮಗಳು ನನ್ನ ಗೆಳತಿ. ಹೊಸಕೆರೆಹಳ್ಳಿಯಲ್ಲಿ ನಮ್ಮದು ಎದುರುಬದುರು ಮನೆ. ನೇಪಾಳದ ಒಂದು ಬೆಟ್ಟದೂರಿನ ಶಾಲೆಯಲ್ಲಿ ಕೆಲವು ತಿಂಗಳು ಸಂಬಳವಿಲ್ಲದೆ ಪಾಠ ಮಾಡಲು ಇಬ್ಬರೂ ಹೆಸರು ಕೊಟ್ಟಿದ್ದೆವು. ಹೊರಡುವ ಮೊದಲೇ ಡೆಂಗಿ ಜ್ವರ ಅವಳನ್ನು ಕರೆದುಕೊಂಡು ಹೋಗಿಬಿಟ್ಟಿತು. ಅವಳಿಗೆ ತಂದೆ ಮೊದಲೇ ಇರಲಿಲ್ಲ. ಇನ್ನು ನಾನೂ ಹೋಗುವುದಿಲ್ಲವೆಂದು ಹೇಳಲು ಆಂಟಿಯ ಬಳಿ ಹೋದೆ.

"ಅವಳ ಬದಲು ನಾನು ಬರ್ತೀನಿ" ಅಂದರು.

"ಆಂಟಿ, ಅಲ್ಲಿ ತುಂಬಾ ಚಳಿ. ರೂಮೂ ಅಷ್ಟಕ್ಕಷ್ಟೇ ಅಂತೆ."

"ಇಲ್ಲಿ ಅವಳ ರೂಮ್ ಬಾಗ್ಲು ನೋಡ್ತಾ ಕೂತ್ಕೊಳ್ಳೋದಕ್ಕಿಂತ ವಾಸಿ. ನಂಗೆ ಹೊಲಿಗೆ ಬರತ್ತೆ, ಅದನ್ನೇ ಹೇಳ್ಕೊಡ್ತೀನಿ."

ದನದ ಕೊಟ್ಟಿಗೆಯ ಮೇಲಿನ ಒಂದೇ ಕೋಣೆ ನಮ್ಮ ಪಾಲಿಗೆ ಬಂತು. ತಗಡಿನ ಸೂರು, ಎರಡು ಹಲಗೆ ಮಂಚ, ಸರಿಯಾಗಿ ಮುಚ್ಚದ ಕಿಟಕಿ. ನೀರಿಗೆ ಅಂಗಳದ ನಲ್ಲಿ. ಬೆಳಿಗ್ಗೆ ಅದೂ ಹೆಪ್ಪುಗಟ್ಟಿರುತ್ತಿತ್ತು. ಮೊದಲ ದಿನವೇ ನಾನು ಅತ್ತುಬಿಟ್ಟೆ. "ಅಳೋದಾದ್ರೆ ಹೊದ್ಕೊಂಡು ಅಳು, ಶೀತ ಆಗತ್ತೆ" ಎಂದು ಆಂಟಿ ನನಗೆ ತಮ್ಮ ಹೊದಿಕೆ ಹೊದಿಸಿ, ಹಳೆಯ ಸೀರೆ ಹರಿದು ಕಿಟಕಿಯ ಸಂದಿಗೆ ತುರುಕಿದರು. ಉಳಿದ ಬಟ್ಟೆಯಲ್ಲಿ ಪರದೆ ಹೊಲಿದರು. ಊರಿನಿಂದ ತಂದ ರಾಗಿಹಿಟ್ಟಿನಲ್ಲಿ ಮುದ್ದೆ ತಿರುವಿದಾಗ ಮನೆಯೊಡತಿ ಬಂದು ನೋಡಿ ನಕ್ಕಳು. ಆ ಊರವರೂ ಅಂಥದ್ದನ್ನೇ ಉಣ್ಣುತ್ತಿದ್ದರು. ಅಲ್ಲಿಂದ ಇಬ್ಬರೂ ಹರಕು ಹಿಂದಿಯಲ್ಲಿ ಅಕ್ಕ ತಂಗಿಯರಾದರು.

ಒಂದು ಸಂಜೆ ಒಲೆಯ ಮುಂದೆ ಕೂತಾಗ ಮನೆಯೊಡತಿ ಆಂಟಿಗೆ ಮಕ್ಕಳೆಷ್ಟು ಎಂದು ಕೇಳಿದಳು.

"ಒಬ್ಬಳೇ ಮಗಳು. ಬೆಂಗಳೂರಲ್ಲಿದಾಳೆ" ಅಂದರು ಆಂಟಿ.

ನಾನು ತಲೆ ತಗ್ಗಿಸಿದೆ. ಕೋಣೆಗೆ ಬಂದ ಮೇಲೆ ಅವರೇ ಮಾತು ತೆಗೆದರು. "ಸುಳ್ಳು ಹೇಳ್ದೆ ಅಂತ ಬೇಜಾರು ಮಾಡ್ಕೋಬೇಡ ಕಣೆ. ಅವಳು ಹೋಗಿರೋದು ಇಲ್ಲಿ ಯಾರಿಗೂ ಗೊತ್ತಿಲ್ಲ. ಈ ಊರಲ್ಲಾದ್ರೂ ಇನ್ನೊಂದಿಷ್ಟು ದಿನ ಇರ್ಲಿ."

ಆಮೇಲೆ ಅವರು ಮಗಳ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಅವಳಿಗೆ ಹೀರೇಕಾಯಿ ಕಂಡರಾಗದು, ಜಯನಗರದ ಅಂಗಡಿಗಳಿಗೆ ಹೊಕ್ಕರೆ ಹೊರಗೇ ಬರುವುದಿಲ್ಲ, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವುದಿಲ್ಲ. ಮನೆಯೊಡತಿ ನಗುತ್ತಾ ಕೇಳುತ್ತಿದ್ದಳು. ಹೊಲಿಗೆ ಕಲಿಯಲು ಬಂದ ಹೆಂಗಸರೂ "ಮಗಳು ಫೋನ್ ಮಾಡಿದ್ಲಾ?" ಎಂದು ವಿಚಾರಿಸುತ್ತಿದ್ದರು.

ನಾವು ಹೊರಡುವ ಬೆಳಿಗ್ಗೆ ಮನೆಯೊಡತಿ ತಾನೇ ಹೆಣೆದ ಉಣ್ಣೆಯ ಕಾಲುಚೀಲ ತಂದಳು. "ಇದು ಮಗಳಿಗೆ. ಮುಂದಿನ ಸಲ ಅವಳನ್ನೂ ಕರ್ಕೊಂಡು ಬನ್ನಿ."

ಆಂಟಿ ಕೈ ಚಾಚಿದರು, ಆದರೆ ತೆಗೆದುಕೊಳ್ಳಲಾಗಲಿಲ್ಲ. ಹಾಗೇ ಮೆಟ್ಟಿಲ ಮೇಲೆ ಕುಸಿದು ನಿಜ ಹೇಳಿಬಿಟ್ಟರು. ಮನೆಯೊಡತಿ ಪಕ್ಕದಲ್ಲಿ ಕೂತು ಅವರ ತಲೆಯನ್ನು ಎದೆಗೆ ಒತ್ತಿಕೊಂಡಳು. ಮಗಳು ಹೋದಾಗಲೂ ಅಳದಿದ್ದ ಆಂಟಿ ಅಂದು ಅತ್ತದ್ದನ್ನು ಕೇಳಿ ಪಕ್ಕದ ಮನೆಯವರು ಓಡಿಬಂದರು.

ಬಸ್ಸು ಇಳಿಜಾರಿಗೆ ತಿರುಗಿದ ಮೇಲೆ ಅವರು ನನ್ನ ಕೈ ಹಿಡಿದುಕೊಂಡರು. "ಈಗ ಇಲ್ಲೂ ಹೋಗ್ಬಿಟ್ಲು ಕಣೆ."

ಅವರ ಕೈಮೇಲೆ ಜಾರಿದ್ದ ಜಾಕೆಟ್ಟಿನ ತೋಳನ್ನು ನಾನು ಮತ್ತೆ ಮಡಚಿದೆ.

ಹೋದ ವರ್ಷ ಆಂಟಿ ತೀರಿಕೊಂಡರು, ಎದೆನೋವು. ಸಮಾಧಿಯ ಹತ್ತಿರ ಬರೀ ನೆಂಟರು. ನಾನು ಹಿಂದೆ ನಿಂತಿದ್ದೆ. ಅವರ ಅಣ್ಣ ನನ್ನನ್ನು ಹುಡುಕಿಕೊಂಡು ಬಂದರು. "ಅವಳ ಜೊತೆ ಬೆಟ್ಟದಲ್ಲಿ ಇದ್ದೋಳು ನೀನೇ ಏನಮ್ಮ? ಬಾ, ಮುಂದೆ ಬಾ."

ಹೋಗಿ ಒಂದು ಹಿಡಿ ಮಣ್ಣು ಹಾಕಿದೆ. ನನ್ನ ಅಳುವಿಗೆ ಹೊದಿಕೆ ಕೊಟ್ಟವರಿಗೆ ನಾನು ಕೊಟ್ಟದ್ದು ಅಷ್ಟೇ.