ಮೇಕೆ ಹಾಲು ಕುಡಿದ ಬಂಡೂರು ಕುರಿ

ನಮ್ಮ ಬಂಡೂರು ಕುರಿಗಳೆಲ್ಲ ಒಂದೇ ವಾರದಲ್ಲಿ ಬೇನೆ ಬಂದು ಸತ್ತವು. ಉಳಿದದ್ದು ನಾಲ್ಕು ದಿನದ ಒಂದು ಹೆಣ್ಣುಮರಿ. ನನ್ನತ್ತೆಯ ಕಾಲದಿಂದ ಬಂದ ತಳಿ, ನನ್ನ ಕೈಯಲ್ಲಿ ಮುಗಿಯಬಾರದು ಎಂದು ಆಗತಾನೆ ಈದಿದ್ದ ಮೇಕೆಯ ಕೆಚ್ಚಲಿಗೆ ಬಿಟ್ಟೆ. ಮೇಕೆ ಒದೆಯಿತು. ಕಾಲು ಅದುಮಿ ಹಿಡಿದು ಕುಡಿಸಿದೆ.

ಮರಿ ಬದುಕಿತು. ಆದರೆ ತಾನೂ ಮೇಕೆಯೇ ಎಂದುಕೊಂಡಿತು. ಮುಂಗಾಲೆತ್ತಿ ಬೇಲಿಯ ಸೊಪ್ಪು ಕೀಳುತ್ತಿತ್ತು. ಬೆದೆಗೆ ಬಂದಾಗ ಹೋತದ ಹಿಂದೆ ಹೋಯಿತು. ಹೋತ ಏರಿತು ಕೂಡ.

"ಅತ್ತೆ, ಅಲಗೂರಲ್ಲಿ ಟಗರದೆ, ಆಟೋದಲ್ಲಿ ಆಕ್ಕೊಂಡ್ ಓಗಾನ" ಎಂದಳು ಸೊಸೆ.

"ಇಲ್ಲೇ ಆಯ್ತಲ್ಲೇ, ಸುಮ್ಕಿರು. ಕುರಿ ಒಟ್ಟೇಲಿ ಉಟ್ಟೋದು ಕುರಿನೇಯ. ಮೊದ್ಲು ಗಬ್ಬ ನಿಲ್ಲಲಿ" ಎಂದೆ.

ನಿಲ್ಲಲಿಲ್ಲ. ಮೂರು ವಾರ ತುಂಬುವಷ್ಟರಲ್ಲಿ ಮತ್ತೆ ಬೆದೆ, ಮತ್ತೆ ಹೋತ. ಹೀಗೆ ನಾಲ್ಕು ಸಲ ಕಾದೆ. ಕೊನೆಗೆ ದನದ ಡಾಕ್ಟರಮ್ಮನನ್ನು ಕೇಳಿದೆ.

"ಅಜ್ಜಿ, ಏರೋದು ಏರುತ್ತೆ, ಗಬ್ಬ ಕಟ್ಟಲ್ಲ. ನೋಡೋಕೆ ಹತ್ತಿರದವು, ಒಳಗೆ ಹೊಂದಲ್ಲ."

"ಕತ್ತೆಗೂ ಕುದ್ರೆಗೂ ಉಟ್ಟಕಿಲ್ವಾ?"

"ಹುಟ್ಟುತ್ತೆ. ಆ ಹೇಸರಗತ್ತೆ ಮರಿ ಹಾಕಿದ್ದು ನೋಡಿದ್ದೀರಾ?"

ನೋಡಿರಲಿಲ್ಲ.

ಮುಂದಿನ ಬೆದೆಗೆ ಹಲಗೂರಿಗೆ ಆಟೋದಲ್ಲಿ ಹಾಕಿಕೊಂಡು ಹೋದೆವು. ಈಗೆಲ್ಲ ಬೆರಕೆ ಕುರಿಗಳೇ. ನನಗೆ ಗೊತ್ತಿದ್ದಂತೆ ಅಪ್ಪಟ ಬಂಡೂರು ಟಗರು ಅಲ್ಲಿನದೊಂದೇ.

"ನಾಳೆ ಇದು ಕಸಾಯಿಗೆ ಓಯ್ತದೆ ಕಣಜ್ಜಿ. ಏನಿದ್ರೂ ಇವತ್ತೇ" ಎಂದ ಟಗರಿನವನು.

ಟಗರು ಮೂಸಿಕೊಂಡು ಬಂತು. ನಮ್ಮ ಕುರಿ ಹುಲಿ ಕಂಡಂತೆ ನನ್ನ ಸೀರೆಯ ಹಿಂದೆ ನುಗ್ಗಿತು. ಅವನ ಹಿತ್ತಲಿನಲ್ಲಿ ಕಟ್ಟಿದ್ದ ಹೋತವನ್ನು ನೋಡಿ ಅರಚತೊಡಗಿತು.

"ನಿಮ್ ಎಣ್ಣಿಗೆ ಗಂಡು ಒಪ್ಗೆ ಆಗ್ನಿಲ್ಲ ಕಣಜ್ಜಿ. ಜಾತ್ಕ ತೋರ್ಸಿದ್ರಾ?"

"ಬಾಯ್ ಮುಚ್ಕಂಡು ಅಗ್ಗ ಇಡ್ಕಳ್ಲಾ."

ಸೊಸೆ ಕುರಿಯ ಕೊಂಬಿಲ್ಲದ ತಲೆಯನ್ನು ಹಿಡಿದಳು. ನಾನು ಸೊಂಟ ಹಿಡಿದೆ. ಟಗರು ಮುಂಗಾಲೆತ್ತಿದಾಗಲೆಲ್ಲ ಕುರಿ ಕುಸಿದು ಕೂರುತ್ತಿತ್ತು. ಬೆಳಗ್ಗೆ ಬಂದವರಿಗೆ ಮಧ್ಯಾಹ್ನವಾಯಿತು. ಹೋತವನ್ನು ಮರೆಗೆ ಕಟ್ಟಿಸಿದೆ. ಅದರ ವಾಸನೆಗೆ ಕುರಿ ಮತ್ತೂ ಅರಚಿತು.

"ಬುಡತ್ತೆ, ಅದ್ಕೆ ಬ್ಯಾಡ" ಎಂದಳು ಸೊಸೆ.

"ನಂಗ್ ಬೇಕು" ಎಂದೆ.

ಮಂಡಿಯೂರಿ ಅದರ ಹೊಟ್ಟೆಯಡಿ ಹೆಗಲು ಕೊಟ್ಟು ಎತ್ತಿ ನಿಲ್ಲಿಸಿದೆ. "ಬುಡ್ಲಾ ಟಗರ!" ಎಂದು ಕೂಗಿದೆ. ಟಗರು ಎರಡು ಹೆಜ್ಜೆ ಬಂತು, ನಿಂತಿತು, ತಿರುಗಿ ಹುಲ್ಲಿಗೆ ಬಾಯಿ ಹಾಕಿತು. ಕುರಿಯ ಭಾರವೆಲ್ಲ ನನ್ನ ಕತ್ತಿನ ಮೇಲಿತ್ತು. ನಾನು ಹೆಗಲು ತೆಗೆಯಲಿಲ್ಲ.